ಚಮಚ ಹಿಡಿದವರನ್ನು ನೆನೆದು ಬರೆ

ನೋಡವ್ವಾ, ಬರುವ ತಿಂಗಳ ಸಂಚಿಕೆಯಿಂದ ಸಂಪಾದಕರ ಈ ಬೆತ್ತದ ಕುರ್ಚಿ ನಿನ್ನದು. ಹೆಣಿಗೆ ಸಡಿಲಾಗಿದೆ, ದಿಂಬು ಹಾಕಿಕೊಳ್ಳದೆ ಕೂರಬೇಡ. ಬೀಳ್ಕೊಡುಗೆ ಅಂತ ಒಂದು ಬರಹ ಕೊಡಿ ಎಂದು ನೀನೇ ಕೇಳಿದೆ. ಇಂಥ ಬರಹಗಳಲ್ಲಿ ಹೋಗುವವನು ತನ್ನನ್ನು ತಾನೇ ಸ್ವಲ್ಪ ಹೊಗಳಿಕೊಂಡು, ಪ್ರೆಸ್ಸಿನವರಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ವಂದನೆ ಹೇಳಿ ಏಳುತ್ತಾನೆ. ವಂದನೆಯನ್ನು ನಾನು ಅವರವರ ಮನೆಗೇ ಹೋಗಿ ಹೇಳಿ ಬಂದಿದ್ದೇನೆ. ಇದನ್ನು ನಿನಗೆ ಬರೆಯುತ್ತಿದ್ದೇನೆ. ಓದುಗರು ಬಾಗಿಲ ಬಳಿ ನಿಂತು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

1994ರಲ್ಲಿ ನಮ್ಮ ವೈದ್ಯ ಪತ್ರಿಕೆಯ ಮೊದಲ ಸಂಚಿಕೆ ಹೊರಟಾಗ ಈ ಕೋಣೆ ನನ್ನ ದವಾಖಾನೆಯ ಹಿಂಬದಿಯ ಉಗ್ರಾಣವಾಗಿತ್ತು. ಮುಂದೆ ರೋಗಿಗಳು, ಹಿಂದೆ ಕರಡು. ವಿಳಾಸದ ಚೀಟಿಗಳ ಮೇಲೆ ಹೊನ್ನಾಳಿ, ಚನ್ನಗಿರಿ ಎಂದರೆ ಶಿವಮೊಗ್ಗ ಜಿಲ್ಲೆ. ಜಗಳೂರು ಎಂದರೆ ಚಿತ್ರದುರ್ಗ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾದಾಗ ಎಲ್ಲ ಚೀಟಿಗಳನ್ನೂ ಮತ್ತೆ ಬರೆದೆವು. ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು, ಇನ್ನೊಮ್ಮೆ ಬರೆದೆವು. ಜಿಲ್ಲೆ ತಾಲ್ಲೂಕು ಬದಲಾದವೇ ಹೊರತು ಚೀಟಿಯ ಮೇಲಿನ ಊರುಗಳು ಅವೇ. ಹಟ್ಟಿ, ತಾಂಡಾ, ಕ್ಯಾಂಪು, ಕೊಪ್ಪ. ಅಲ್ಲಿಗೆ ನಮ್ಮ ಪತ್ರಿಕೆ ತಲುಪಿದ ಮೇಲೆ ಏನಾಗುತ್ತದೆ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ನಿನಗೆ ಅಷ್ಟು ಕಾಲ ಹಿಡಿಯದಿರಲಿ ಎಂದು ಈ ಮಾತು.

ಡಾಕ್ಟರಾದವರು ಬರೆಯುವಾಗ ಇನ್ನೊಬ್ಬ ಡಾಕ್ಟರು ಹೆಗಲ ಮೇಲಿಂದ ಇಣುಕುತ್ತಿದ್ದಾನೆ ಎಂದುಕೊಂಡು ಬರೆಯುತ್ತೇವೆ. ಅವನು ತಪ್ಪು ಹಿಡಿಯಬಾರದು, ಅಷ್ಟೇ ನಮ್ಮ ಯೋಚನೆ. ಆದರೆ ನಮ್ಮ ಬರಹವನ್ನು ಓದುವುದು ಯಾರು? ರಾತ್ರಿ ಹನ್ನೊಂದು ಗಂಟೆಗೆ ಮಗುವಿನ ಮೈ ಕೆಂಡದಂತಿರುವಾಗ, ಮೊಳೆಗೆ ಸಿಗಿಸಿಟ್ಟ ಹಳೆ ಸಂಚಿಕೆಯನ್ನು ತೆಗೆದು, ಒಂದು ಕೈಯಲ್ಲಿ ಚಮಚ ಹಿಡಿದುಕೊಂಡು ಓದುವ ಸೊಸೆ. ಅವಳಿಗೆ ಓದು ಬಾರದಿದ್ದರೆ ಆರನೇ ಕ್ಲಾಸಿನ ಮಗ ಓದಿ ಹೇಳುತ್ತಾನೆ. ಆ ಚಮಚದೊಳಗೆ ಏನು ಬೀಳುತ್ತದೆ ಎನ್ನುವುದು ನಿನ್ನ ವಾಕ್ಯದ ಮೇಲೆ ನಿಂತಿದೆ.

ಪ್ಯಾರಾಸಿಟಮಾಲ್ ವಿಷಯವನ್ನೇ ತಗೋ. ಶಿಶುಗಳ ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, ಅಂದರೆ ಒಂದು ಮಿ.ಲೀ.ಗೆ ಬರೀ 25. ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಸಾಲದ್ದಕ್ಕೆ 5 ಮಿ.ಲೀ.ಗೆ 250 ಇರುವ ಸಿರಪ್ಪೂ ಇದೆ. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿ.ಗ್ರಾಂ ಸಾಕು, ಡ್ರಾಪ್ಸ್ ಆದರೆ ಒಂದರಿಂದ ಒಂದೂವರೆ ಮಿ.ಲೀ. ನಾನು ಮೊದಲ ವರ್ಷಗಳಲ್ಲಿ ‘ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದು ಚಮಚ ಕೊಡಿ’ ಎಂದು ನಿಶ್ಚಿಂತೆಯಿಂದ ಬರೆದಿದ್ದೇನೆ. ಯಾವ ಬಾಟಲಿ? ಯಾವ ಚಮಚ? ಸಾರಿಗೆ ಹಾಕುವುದೋ, ಸಕ್ಕರೆ ಡಬ್ಬಿಯದೋ? ಆ ಸಂಚಿಕೆ ಇನ್ನೂ ಕಪಾಟಿನಲ್ಲಿದೆ, ತೆಗೆದು ನೋಡು. ನನಗೆ ಈಗಲೂ ಅದನ್ನು ನೋಡಿದರೆ ಬೆವರು ಬರುತ್ತದೆ.

ಓ.ಆರ್.ಎಸ್. ಕಥೆಯೂ ಹಾಗೆಯೇ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಎಂದು ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ನ್ಯಾಮತಿ ಕಡೆಯ ಒಂದು ತಾಂಡಾದಲ್ಲಿ, ಸೂರಗೊಂಡನಕೊಪ್ಪದ ಸೇವಾಲಾಲರ ಜಾತ್ರೆಗೆ ಬಂದು ಭೇದಿ ಹತ್ತಿಸಿಕೊಂಡ ಹುಡುಗನಿಗೆ ಅವನ ಅಜ್ಜಿ ಲೋಟಕ್ಕೊಂದು ಚಿಟಿಕೆ ಹಾಕಿ ಕೊಡುತ್ತಿದ್ದಳು. ದುಬಾರಿ ಔಷಧಿ, ಸ್ವಲ್ಪ ಸ್ವಲ್ಪ ಬಳಸಬೇಕು ಎನ್ನುವುದು ಅವಳ ಲೆಕ್ಕ. ಪಕ್ಕದ ಗುಡಿಸಲಿನಲ್ಲಿ ಇಡೀ ಪೊಟ್ಟಣವನ್ನೇ ಒಂದು ಲೋಟಕ್ಕೆ ಸುರಿದಿದ್ದರು. ಎರಡೂ ತಪ್ಪು, ಎರಡನೆಯದು ಅಪಾಯ. ನಾವು ‘ಒಂದು ಲೀಟರ್’ ಎಂದು ಅಚ್ಚುಹಾಕಿಯೇ ಇದ್ದೆವು. ಆದರೆ ತಾಂಡಾದಲ್ಲಿ ಲೀಟರ್ ಎಲ್ಲಿರುತ್ತದೆ? ತಂಬಿಗೆ ಇರುತ್ತದೆ, ಚೆಂಬು ಇರುತ್ತದೆ. ಆಮೇಲೆ ‘ಅಂಗಡಿಯಲ್ಲಿ ಸಿಗುವ ದೊಡ್ಡ ನೀರಿನ ಬಾಟಲಿ ತುಂಬ’ ಎಂದು ಬರೆಯತೊಡಗಿದೆವು; 200 ಮಿ.ಲೀ.ಗೆ ಕಲಸುವ ಸಣ್ಣ ಪೊಟ್ಟಣ ಬಂದ ಮೇಲೆ ಎರಡರ ಚಿತ್ರವನ್ನೂ ಅಕ್ಕಪಕ್ಕ ಹಾಕಿದೆವು. 1971ರಲ್ಲಿ ಬಾಂಗ್ಲಾದ ನಿರಾಶ್ರಿತರು ಬಂಗಾಂವ್ ಶಿಬಿರಕ್ಕೆ ಬಂದು ಕಾಲರಾಕ್ಕೆ ಸಿಕ್ಕಾಗ ಡಾ. ದಿಲೀಪ್ ಮಹಲನೋಬಿಸ್ ಮಾಡಿದ್ದೂ ಇದನ್ನೇ ಅಲ್ಲವೇ? ಡ್ರಿಪ್ ಬಾಟಲಿ ಮುಗಿದವು, ನರ್ಸುಗಳು ಸಾಲಲಿಲ್ಲ. ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ವೈದ್ಯಶಾಸ್ತ್ರ ತಾಯಂದಿರನ್ನು ನಂಬಿ ಗೆದ್ದ ಪ್ರಸಂಗ ಅದು.

ಈಗ ಹಾವಿನ ಪುಟ. ಇದನ್ನು ಹೇಳದೆ ನಾನು ಎದ್ದು ಹೋಗುವ ಹಾಗಿಲ್ಲ.

ಭದ್ರಾ ನಾಲೆಯ ನೀರು ಬಿಟ್ಟ ಮೇಲೆ ನಮ್ಮ ಗದ್ದೆಗಳಲ್ಲಿ ಭತ್ತ, ಭತ್ತಕ್ಕೆ ಇಲಿ, ಇಲಿಗೆ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ. ಒಣ ನೆಲದ ಕಡೆ ಹೋದರೆ ಉರಿಮಂಡಲ. ಪತ್ರಿಕೆ ಶುರುವಾದ ಎರಡನೇ ವರ್ಷ ಒಂದು ಪುಟ ಮಾಡಿದೆ: ಹಾವು ಕಚ್ಚಿದರೆ ಗಾಯದ ಮೇಲ್ಗಡೆ ಬಿಗಿಯಾಗಿ ಕಟ್ಟಿ, ಹೊಸ ಬ್ಲೇಡಿನಿಂದ ಗೀರಿ, ರಕ್ತ ಹಿಂಡಿ. ನಮ್ಮ ಕಾಲದ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ಅದೇ ಇತ್ತು. ಚಿತ್ರವೂ ಚೆನ್ನಾಗಿ ಬಂದಿತ್ತು. ಶಾಲೆಗಳಲ್ಲಿ ಗೋಡೆಗೆ ಅಂಟಿಸಿದರು, ನಾನು ಹಿಗ್ಗಿದೆ.

ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಎತ್ತಿನಗಾಡಿಯಲ್ಲಿ ಒಬ್ಬನನ್ನು ಕರೆತಂದರು. ಕೊಳಕುಮಂಡಲ ಪಾದಕ್ಕೆ ಹೊಡೆದಿತ್ತು. ಮೊಣಕಾಲ ಕೆಳಗೆ ದನ ಕಟ್ಟುವ ಹಗ್ಗ, ಮಾಂಸದೊಳಗೆ ಇಳಿದಿತ್ತು. ಕಾಲು ಬದನೆಕಾಯಿ ಬಣ್ಣ. ಯಾರು ಇಷ್ಟು ಬಿಗಿದದ್ದು ಎಂದು ನಾನು ರೇಗಿದೆ. ಅವನ ಅಣ್ಣ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ‘ನೀವೇ ಬರ್ದಿದ್ದು ಡಾಕ್ಟ್ರೇ, ಇದರಾಗೆ ಐತೆ ನೋಡ್ರಿ.’ ನಮ್ಮ ಪುಟ. ಅಂಚು ಸವೆದಿತ್ತು, ಚಿತ್ರ ಇನ್ನೂ ಸ್ಪಷ್ಟವಾಗಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿದೆ. ಜೀವ ಉಳಿಯಿತು, ಕಾಲೂ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ.

ಅಷ್ಟರಲ್ಲಿ ವೈದ್ಯಶಾಸ್ತ್ರ ಆ ಸಲಹೆಯನ್ನು ಕೈಬಿಟ್ಟಾಗಿತ್ತು. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲುಂಗುರ ತೆಗೆಯಿರಿ, ಮುರಿದ ಕೈಕಾಲಿಗೆ ಹಾಕುವ ಹಾಗೆ ದಬ್ಬೆ ಹಾಕಿ ಅಲುಗಾಡದಂತೆ ಮಾಡಿ, ನಡೆಸದೆ ಎತ್ತಿಕೊಂಡು ವಿಷ ನಿವಾರಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಹೋಗಿ. ಅಷ್ಟೇ. ಅದು ನನಗೂ ತಿಳಿದಿತ್ತು. ರೋಗಿ ಬಂದರೆ ಹಾಗೆಯೇ ಮಾಡುತ್ತಿದ್ದೆ. ಆದರೆ ಅಚ್ಚಾಗಿ ಹೋದ ಪುಟ ಹಳ್ಳಿಯ ಗೋಡೆಯ ಮೇಲೆ ನನ್ನ ಹೆಸರಿನಲ್ಲಿ ಇನ್ನೂ ಮಾತಾಡುತ್ತಿದೆ ಎನ್ನುವುದು ಹೊಳೆದಿರಲಿಲ್ಲ. ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆ, ಎಲ್ಲಿ? ಕೊನೆಯ ಪುಟದಲ್ಲಿ, ಚಂದಾ ವಿವರದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮೊಳೆ ಜೋಡಿಸುತ್ತಿದ್ದ ಹಿರಿಯರು, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವರು, ಗ್ಯಾಲಿ ಹಿಡಿದುಕೊಂಡು ಬಂದು ಕೇಳಿದರು: ‘ಸಾರ್, ತಪ್ಪು ಅಷ್ಟು ದೊಡ್ಡ ಅಕ್ಷರದಾಗೆ ಹಾಕಿ, ಸರಿ ಮಾಡೋದು ಇಷ್ಟು ಸಣ್ಣದ್ರಾಗೆ ಯಾಕೆ?’

ಅವತ್ತು ಪುಟ ಒಡೆಸಿದೆ. ಮುಖಪುಟದ ಒಳಮೈಯಲ್ಲಿ, ಹಳೆಯ ಚಿತ್ರವನ್ನೇ ಮತ್ತೆ ಹಾಕಿ, ಅದರ ಮೇಲೆ ಅಡ್ಡಗೆರೆ ಎಳೆದು, ‘ಇದನ್ನು ನಾವೇ ಹೇಳಿದ್ದೆವು, ಇದು ತಪ್ಪು’ ಎಂದು ಅದೇ ಗಾತ್ರದ ಅಕ್ಷರದಲ್ಲಿ ಹಾಕಿಸಿದೆ. ಅಂದಿನಿಂದ ಪ್ರತಿ ಜೂನ್ ಸಂಚಿಕೆಯಲ್ಲಿ ಹಾವಿನ ಪುಟ ಬರುತ್ತದೆ. ‘ಅದೇ ಅದೇ ಹಾಕ್ತೀರಲ್ಲ’ ಎಂದು ಕೆಲವರು ಮೂಗು ಮುರಿದರು. ಹಾವೂ ಪ್ರತಿ ವರ್ಷ ಅದೇ ಬರುತ್ತದೆ. 2008ರಲ್ಲಿ 108 ಆಂಬುಲೆನ್ಸ್ ಬಂತು, ಆ ನಂಬರು ಸೇರಿಸಿದೆವು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಅದನ್ನೂ ಸೇರಿಸಿದೆವು. ನಿನ್ನ ಕಾಲದಲ್ಲಿ ಇನ್ನೇನು ಬದಲಾಗುತ್ತದೋ. ಬದಲಾದ ದಿನವೇ ಹಳೆಯದರ ಮೇಲೆ ಗೆರೆ ಎಳೆ. ನಿನ್ನ ಬರಹವಾದರೆ ಇನ್ನೂ ದಪ್ಪ ಗೆರೆ ಎಳೆ.

ನಮ್ಮಂಥದೇ ಕೆಲಸವನ್ನು ಅಮೆರಿಕದಲ್ಲಿ ಡಾ. ಜೇ ಸಿವೆಕ್ ಎಂಬವರು ಮಾಡಿದರು. ‘ಅಮೆರಿಕನ್ ಫ್ಯಾಮಿಲಿ ಫಿಸಿಶಿಯನ್’ ಪತ್ರಿಕೆಗೆ 1988ರಿಂದ 2018ರವರೆಗೆ ಮೂವತ್ತು ವರ್ಷ ಸಂಪಾದಕರು. ಅವರ ಪತ್ರಿಕೆ ಲಕ್ಷಗಟ್ಟಲೆ ಹೋಗುವಂಥದು, ನಮ್ಮದು ನಾಲ್ಕು ತಾಲ್ಲೂಕಿನದು. ಹೋಲಿಸಿಕೊಂಡರೆ ಸೂಳೆಕೆರೆಯನ್ನೂ ಮನೆಯ ತೊಟ್ಟಿಯನ್ನೂ ಹೋಲಿಸಿದ ಹಾಗೆ. ಆದರೂ ಒಂದು ವಿದ್ಯೆ ಅಲ್ಲಿಂದ ಕಲಿತೆ. 2004ರಲ್ಲಿ ಅವರು ಬೇರೆ ಕುಟುಂಬ ವೈದ್ಯ ಪತ್ರಿಕೆಗಳ ಜೊತೆ ಸೇರಿ, ಪ್ರತಿ ಸಲಹೆಯ ಪಕ್ಕದಲ್ಲಿ ಎ, ಬಿ, ಸಿ ಎಂದು ಗುರುತು ಹಾಕುವ ಪದ್ಧತಿ ತಂದರು. ಗಟ್ಟಿ ಆಧಾರವಿದ್ದರೆ ಎ. ಆಧಾರ ಇದ್ದೂ ಅರೆಬರೆಯಾದರೆ ಬಿ. ರೂಢಿಯ ಮಾತು, ಪಂಡಿತರ ಅಭಿಪ್ರಾಯವಾದರೆ ಸಿ. ಎ ಸಿಗಬೇಕಾದರೆ ಬರೀ ವರದಿಯಲ್ಲಿನ ಸಂಖ್ಯೆ ಸುಧಾರಿಸಿದರೆ ಸಾಲದು, ಮನುಷ್ಯ ಸುಧಾರಿಸಿರಬೇಕು. ಇದು ಸಣ್ಣ ವ್ಯತ್ಯಾಸವಲ್ಲ. ಹೃದಯಾಘಾತವಾದವರ ಎದೆಬಡಿತ ತಾಳ ತಪ್ಪಿದರೆ ಸಾವು ಹತ್ತಿರ ಎಂದು ತಿಳಿದು, ತಾಳ ಸರಿಪಡಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಗುಳಿಗೆಗಳನ್ನು ಕೊಡುತ್ತಿದ್ದರು. ಇ.ಸಿ.ಜಿ. ಕಾಗದ ಚೆನ್ನಾಗಿ ಕಾಣುತ್ತಿತ್ತು. 1989ರಲ್ಲಿ ಪರೀಕ್ಷೆಯ ಫಲಿತಾಂಶ ಬಂದಾಗ ನೋಡಿದರೆ, ಆ ಗುಳಿಗೆ ನುಂಗಿದವರೇ ಬರೀ ಸಕ್ಕರೆ ಗುಳಿಗೆಯಂಥದ್ದನ್ನು ನುಂಗಿದವರಿಗಿಂತ ಹೆಚ್ಚು ಸತ್ತಿದ್ದರು. ಕಂಪನಿಯ ಹುಡುಗರು ಬಣ್ಣದ ಗ್ರಾಫು ಹಿಡಿದು ಬರುತ್ತಾರಲ್ಲ, ಆಗ ಇದನ್ನು ನೆನಪಿಸಿಕೋ. ‘ಗೆರೆ ಇಳಿದಿದೆ ಸರಿ, ಜನ ಎದ್ದು ಓಡಾಡಿದರೇನಪ್ಪಾ?’ ಎಂದು ಕೇಳು. ಟೀ ಕೊಟ್ಟು ಕೇಳು, ಪಾಪ, ಅವರದೂ ಹೊಟ್ಟೆಪಾಡು.

ಆ ಎ, ಬಿ, ಸಿಯನ್ನು ನಾನು ನಮ್ಮಲ್ಲೂ ಹಾಕಿಬಿಟ್ಟೆ. ವಾರದೊಳಗೆ ಸಂತೆಬೆನ್ನೂರಿನಿಂದ ಬಂದವರೊಬ್ಬರು ಕೇಳಿದರು, ‘ಇದು ವಿಟಮಿನ್ನಾ ಡಾಕ್ಟ್ರೇ?’ ನಕ್ಕು ತೆಗೆದುಹಾಕಿದೆ. ಈಗ ಹಾಕುತ್ತಿರುವ ಮೂರು ಮಾತು ಹುಟ್ಟಿದ್ದು ಹಾಗೆ: ‘ಇದು ಖಚಿತ’, ‘ಇದು ಇನ್ನೂ ಪೂರ್ತಿ ಗೊತ್ತಾಗಿಲ್ಲ’, ‘ಇದು ನಮ್ಮ ಅನುಭವದ ಮಾತು’. ಎರಡನೆಯದನ್ನು ಬರೆಯಲು ನಾಚಬೇಡ.

ಪದಗಳ ವಿಷಯಕ್ಕೂ ಒಂದು ಮಾತು. ನಿಘಂಟಿನ ಕನ್ನಡ ಬೇರೆ, ಬಸ್‌ಸ್ಟ್ಯಾಂಡಿನ ಕನ್ನಡ ಬೇರೆ. ‘ಪಾರ್ಶ್ವವಾಯು’ ಎಂಬ ತಲೆಬರಹ ಕೊಟ್ಟೆ; ವಾಯು ಎಂದು ಓದಿ ಹೊಟ್ಟೆಯ ಗ್ಯಾಸಿನ ಲೇಖನ ಎಂದುಕೊಂಡವರಿದ್ದರು. ‘ಲಕ್ವಾ ಹೊಡೆದರೆ’ ಎಂದು ಬದಲಿಸಿದೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಾಟಿ ಎಣ್ಣೆಗೆಂದು ಇನ್ನೊಂದು ಊರಿಗೆ ಹೋಗಿ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಅಲ್ಲಿ ಶುದ್ಧ ಪದ ಹುಡುಕುತ್ತಾ ಕೂರುವಂತಿಲ್ಲ. ಡಾ. ಅನುಪಮಾ ನಿರಂಜನ ಅವರ ‘ತಾಯಿ–ಮಗು’ ಓದು, ‘ದಾಂಪತ್ಯ ದೀಪಿಕೆ’ ಓದು. ಸಂಕೋಚದ ಸಂಗತಿಯನ್ನು ಅಡುಗೆಮನೆಯ ಮಾತಿನಲ್ಲಿ ಹೇಳುವುದು ಹೇಗೆಂದು ತಿಳಿಯುತ್ತದೆ. ‘ಕೊರವಂಜಿ’ ನಡೆಸಿದ ಡಾ. ಎಂ. ಶಿವರಾಂ, ನಮ್ಮ ರಾಶಿಯವರು, ನಗಿಸುತ್ತಲೇ ಮನಸ್ಸಿನ ಕಾಯಿಲೆಯನ್ನು ತಿಳಿಹೇಳಿದರು, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅದನ್ನು ಸಣ್ಣ ಸಣ್ಣ ಪುಸ್ತಕ ಮಾಡಿ ಮನೆಮನೆಗೆ ತಲುಪಿಸಿದರು. ನಾವು ಮೊದಲಿಗರಲ್ಲವ್ವಾ.

ಇನ್ನು ನೀರು. ನೀನು ಜಗಳೂರಿನ ಹುಡುಗಿ, ಅದಕ್ಕೆ ನೀರಿನ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತು ವರ್ಷ ಪ್ರತಿ ಸಂಚಿಕೆಯ ಅಡಿಯಲ್ಲಿ ‘ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ’ ಎಂದು ಪಟ್ಟಿ ಹಾಕುತ್ತಿದ್ದೆ. ನಿಮ್ಮ ಕಡೆಯ ಮೇಷ್ಟ್ರೊಬ್ಬರು ಒಂದು ಕಾರ್ಡು ಬರೆದರು: ‘ನಮ್ಮೂರ ಬೋರಿನ ನೀರು ಎಷ್ಟು ಹೊತ್ತು ಕುದಿಸಿದರೆ ಮಕ್ಕಳ ಹಲ್ಲಿನ ಕಂದು ಗೆರೆ ಹೋಗುತ್ತದೆ?’ ಒಂದೇ ಸಾಲು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಸಾಯುವ ವಸ್ತುವಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದವರು ನಿನ್ನ ಕಣ್ಣಮುಂದೆಯೇ ಇದ್ದಾರೆ: ಕುಕ್ಕರಗಾಲಲ್ಲಿ ಕೂರಲಾಗದ, ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುವ ಹಿರಿಯರು. ಹೊನ್ನಾಳಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಕೂತು ಬರೆದ ಬುದ್ಧಿಮಾತು ಅರವತ್ತು ಮೈಲಿ ಆಚೆ ಅರ್ಧ ಸುಳ್ಳಾಗಿತ್ತು. ಶುದ್ಧ ನೀರಿನ ಘಟಕ ಎಲ್ಲಿ ನಡೆಯುತ್ತಿದೆ, ಎಲ್ಲಿ ಕೆಟ್ಟು ನಿಂತಿದೆ, ಬೋರಿನ ನೀರನ್ನು ಪರೀಕ್ಷೆಗೆ ಎಲ್ಲಿ ಕೊಡಬೇಕು ಎಂದು ಬರೆಯುವುದೂ ವೈದ್ಯ ಪತ್ರಿಕೆಯ ಕೆಲಸ ಎಂದು ನನಗೆ ಕಲಿಸಿದ್ದು ಆ ಕಾರ್ಡು. ಅದು ಮೇಜಿನ ಗಾಜಿನ ಕೆಳಗಿದೆ, ತೆಗೆಯಬೇಡ.

ಇನ್ನು ಅಡಿಕೆ. ಇದರಲ್ಲಿ ನನ್ನ ಕೈಯೂ ಬಾಯಿಯೂ ಎರಡೂ ಸಿಕ್ಕಿಹಾಕಿಕೊಂಡಿವೆ. ನನ್ನಪ್ಪನದು ಚನ್ನಗಿರಿ ಕಡೆ ಎರಡು ಎಕರೆ ತೋಟ. ಆ ಅಡಿಕೆ ಮಾರಿಯೇ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ನನ್ನ ಫೀಸು ಕಟ್ಟಿದ್ದು. ಆ ತಾಲ್ಲೂಕಿನಲ್ಲಿ ಬೆಳಗ್ಗೆ ಪೇಪರ್ ತೆಗೆದರೆ ಸಾವಿನ ಸುದ್ದಿಗಿಂತ ಮೊದಲು ರಾಶಿ ಇಡಿಯ ಧಾರಣೆ ನೋಡುತ್ತಾರೆ. ಅಂಥಲ್ಲಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ತಂಬಾಕು ಸೇರಿಸದ ಬರೀ ಅಡಿಕೆಯನ್ನೇ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ಹೇಗೆ ಬರೆಯುವುದು? ಎರಡು ವರ್ಷ ಬರೆಯಲಿಲ್ಲ. ಗುಟ್ಕಾದ ಮೇಲೆ ಬರೆದೆ, ಅದು ಸುಲಭ. ಅದನ್ನು ಬೈದರೆ ಯಾರಿಗೂ ನೋವಾಗುವುದಿಲ್ಲ. ದವಾಖಾನೆಗೆ ಮಾತ್ರ ಹುಡುಗರು ಬರುತ್ತಿದ್ದರು. ‘ಖಾರ ತಿಂದರೆ ಬಾಯಿ ಉರಿ’ ಎನ್ನುವರು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸು ಎಂದರೆ ಒಂದೂವರೆ ಬೆರಳು ಹಿಡಿಯುತ್ತಿತ್ತು. ಕೆನ್ನೆಯ ಒಳಗೆ ತೊಗಲಿನ ಪಟ್ಟಿಯ ಹಾಗೆ ಗಟ್ಟಿ. ‘ತಂಬಾಕು ಮುಟ್ಟಿಲ್ಲ ಸಾರ್, ಬರೀ ಅಡಿಕೆ.’

ಕೊನೆಗೆ ಬರೆದೆ. ಮೊದಲ ಗುಂಪು ಎಂದರೆ ಆಧಾರ ಎಷ್ಟು ಗಟ್ಟಿ ಎನ್ನುವ ಲೆಕ್ಕವೇ ಹೊರತು ಅಪಾಯ ಎಷ್ಟು ದೊಡ್ಡದು ಎನ್ನುವ ಲೆಕ್ಕವಲ್ಲ, ಬಿಸಿಲೂ ಅದೇ ಗುಂಪಿನಲ್ಲಿದೆ ಎಂದು ವಿವರಿಸಿದೆ. ಬೆಳೆಗಾರ ಅಪರಾಧಿಯಲ್ಲ ಎಂದೂ ಬರೆದೆ. ಅಗಿಯುವುದನ್ನು ಬಿಡಿ, ಬಾಯಿ ಮೂರು ಬೆರಳು ತೆರೆಯದಿದ್ದರೆ ತಡಮಾಡದೆ ತೋರಿಸಿ ಎಂದೂ ಬರೆದೆ. ಖೇಣಿ ಹಿಡಿಯುವ ಹಿರಿಯರೊಬ್ಬರು, ಮೊದಲ ಸಂಚಿಕೆಯಿಂದ ಚಂದಾದಾರರು, ಅಪ್ಪನ ಸ್ನೇಹಿತರು, ಈ ಕೋಣೆಗೆ ಬಂದರು. ಕೂರಲಿಲ್ಲ. ‘ಉಂಡ ತಟ್ಟೆಗೆ ಮಣ್ಣು ಹಾಕ್ದೆ’ ಎಂದಷ್ಟೇ ಅಂದು ಹೋದರು. ಚಂದಾ ನಿಲ್ಲಿಸಿದರು, ಅವರ ಜೊತೆಗೆ ಇನ್ನೂ ಹಲವರು. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅವರ ಮಕ್ಕಳು ನನ್ನ ಜೊತೆ ಮಾತಾಡಲಿಲ್ಲ. ಈಗಲೂ ಮಾತಾಡುವುದಿಲ್ಲ. ನಾನು ಮಾಡಿದ್ದು ಸರಿ ಎಂದೇ ನನ್ನ ತೀರ್ಮಾನ. ತಪ್ಪೇನಾದರೂ ಇದ್ದರೆ ಆ ಎರಡು ವರ್ಷದ ಮೌನ. ಆಗ ಬಂದ ಹುಡುಗರ ಮುಖ ನನಗೆ ನೆನಪಿದೆ.

ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಕ್ಯಾನ್ಸರ್ ಗುಣಪಡಿಸುತ್ತೇವೆ ಎನ್ನುವ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಹಿಂಬದಿಯ ರಕ್ಷಾಪುಟಕ್ಕೆ ಮೂರು ಪಟ್ಟು ದರ ಹಿಡಿದುಕೊಂಡು ಬರುತ್ತಾರೆ. ನಾನು ಒಲ್ಲೆ ಅಂದಿದ್ದಕ್ಕೆ ಪತ್ರಿಕೆ 48 ಪುಟದಿಂದ 32ಕ್ಕೆ ಇಳಿಯಿತು. ನೀನು 24ಕ್ಕೆ ಇಳಿಸಿದರೂ ನನ್ನ ತಕರಾರಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹಾಕೋಣ ಎನ್ನುತ್ತಿದ್ದೀಯಲ್ಲ, ಹಾಕು. ಅಲ್ಲಿ ಒಂದು ಕಷ್ಟ ಇದೆ, ತಪ್ಪಿದ ಪುಟವನ್ನು ಹುಡುಕಿಕೊಂಡು ಹೋಗಿ ಗೆರೆ ಎಳೆಯಲು ಗೋಡೆಯೇ ಇರುವುದಿಲ್ಲ. ಪ್ರತಿ ಚಿತ್ರದ ಮೇಲೆ ತಿಂಗಳು, ಇಸವಿ ದಪ್ಪಗೆ ಹಾಕು, ಹಳೆಯದೆಂದಾದರೂ ಗೊತ್ತಾಗಲಿ.

ನಾನು ದವಾಖಾನೆಯನ್ನು ಬಿಡುತ್ತಿಲ್ಲ. ಬೆಳಗ್ಗೆ ಹನ್ನೊಂದರವರೆಗೆ ಕೂರುತ್ತೇನೆ. ಗೋಡೆಯ ಆಚೆಯೇ ಇರುತ್ತೇನಾದರೂ ನೀನಾಗಿ ಕರೆಯದ ಹೊರತು ಈ ಕೋಣೆಗೆ ಕಾಲಿಡುವುದಿಲ್ಲ. ಜೂನ್ ಸಂಚಿಕೆಯ ಹಾವಿನ ಪುಟದ ಕರಡು ಎಡಗಡೆಯ ಡ್ರಾಯರಿನಲ್ಲಿದೆ. ಮೂರು ಸಲ ನೋಡಿದ್ದೇನೆ. ಮನೆಗೆ ಒಯ್ದು ನಿನ್ನ ಅಜ್ಜಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳು. ಕೇಳಿದ ಮೇಲೆ ಹಾವು ಕಚ್ಚಿದರೆ ಏನು ಮಾಡ್ತೀಯಜ್ಜಿ ಎಂದು ಕೇಳಿ, ಅವರು ಹೇಳಿದ್ದು ಸರಿಯಾಗಿದ್ದರೆ ಮಾತ್ರ ಅಚ್ಚಿಗೆ ಕಳಿಸು.